ಜಾಲದ ಮೂಲಕ ಡಿಸ್ಕ್: ಕಚೇರಿಯ ಗಣಕಯಂತ್ರಕ್ಕೆ ಬ್ಲಾಕ್ ಸಂಗ್ರಹಣೆಯ ಜೋಡಣೆ



ಗ್ರಾಮ ಪಂಚಾಯತಿಯ ಲೆಕ್ಕಪತ್ರ ಮತ್ತು ಆಸ್ತಿ ವಿವರಗಳು ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳ ಮೂಲಕ ರಾಜ್ಯಮಟ್ಟದ ಸರ್ವರ್‌ಗಳನ್ನು ಸೇರುತ್ತವೆ. ಆದರೆ ಹಳೆಯ ನಡವಳಿ ಪುಸ್ತಕಗಳ ಸ್ಕ್ಯಾನ್ ಪ್ರತಿ, ಗ್ರಾಮಸಭೆಯ ವಿಡಿಯೊ, ಕಾಮಗಾರಿಗಳ ಛಾಯಾಚಿತ್ರ, ಅಂದಾಜುಪಟ್ಟಿಗಳ ಕರಡು ಮುಂತಾದವು ಬಹುಮಟ್ಟಿಗೆ ಕಚೇರಿಯ ಗಣಕಯಂತ್ರದಲ್ಲಿಯೇ ಉಳಿಯುತ್ತವೆ. ಅದರ ಡಿಸ್ಕ್ ತುಂಬಿದಾಗ ಸಂಗ್ರಹಣಾ ಪೆಟ್ಟಿಗೆಯೊಂದರ ದರಪಟ್ಟಿ ಸಭೆಯ ಮುಂದೆ ಬರುತ್ತದೆ. ಅದರಲ್ಲಿ ‘ಎನ್‌ಎಎಸ್, ಐಸ್ಕಜಿ ಸೌಲಭ್ಯದೊಂದಿಗೆ’ ಎಂಬ ಸಾಲು ಇರುವುದುಂಟು. ಖರೀದಿಗೆ ಒಪ್ಪಿಗೆ ನೀಡುವವರು ತಾವಾದ್ದರಿಂದ, ಆ ಸಾಲಿನ ಅರ್ಥವನ್ನು ತಾವೇ ತಿಳಿದಿರುವುದು ಒಳಿತು.

ಜಾಲದ ಮೇಲಿರುವ ಸಂಗ್ರಹಣೆಯನ್ನು ಎರಡು ರೀತಿಯಲ್ಲಿ ಬಳಸಬಹುದು. ಮೊದಲನೆಯದು ಕಡತ ಹಂಚಿಕೆ. ದಾಖಲೆ ಕೊಠಡಿಯ ಗುಮಾಸ್ತರಲ್ಲಿ ಕಡತದ ಹೆಸರು ಹೇಳಿ ಕೇಳಿದಂತೆ ಇದು. ಯಾವ ಕಡತ ಎಲ್ಲಿದೆ, ಈಗ ಯಾರ ಕೈಯಲ್ಲಿದೆ ಎಂಬುದನ್ನು ಪೆಟ್ಟಿಗೆಯೇ ನೋಡಿಕೊಳ್ಳುತ್ತದೆ. ಎರಡನೆಯದು ಬ್ಲಾಕ್ ಸಂಗ್ರಹಣೆ. ಇಲ್ಲಿ ಪೆಟ್ಟಿಗೆಯು ಪುಟಸಂಖ್ಯೆ ಹಾಕಿದ ಖಾಲಿ ಪುಸ್ತಕವನ್ನು ಗಣಕಯಂತ್ರಕ್ಕೆ ಕೊಟ್ಟು ಸುಮ್ಮನಾಗುತ್ತದೆ. ಯಾವ ಪುಟದಲ್ಲಿ ಏನು ಬರೆಯಬೇಕು, ಅನುಕ್ರಮಣಿಕೆ ಹೇಗಿರಬೇಕು ಎಂಬುದೆಲ್ಲ ಗಣಕಯಂತ್ರದ ಹೊಣೆ. ಆದ್ದರಿಂದಲೇ ಅದು ಪರದೆಯ ಮೇಲೆ ಹಂಚಿಕೆಯ ಫೋಲ್ಡರ್ ಆಗಿ ಕಾಣದೆ, ಯಂತ್ರದೊಳಗೇ ಅಳವಡಿಸಿದ ಇನ್ನೊಂದು ಡಿಸ್ಕ್‌ನಂತೆ ಕಾಣುತ್ತದೆ.

ಡಿಸ್ಕ್‌ಗಳೊಡನೆ ವ್ಯವಹರಿಸುವ ಸ್ಕಜಿ ಎಂಬ ಆಜ್ಞಾಭಾಷೆ 1986ರಲ್ಲಿ ಮಾನಕವಾಯಿತು. ಅದೇ ಆಜ್ಞೆಗಳನ್ನು ಸಾಮಾನ್ಯ ಜಾಲದ ತಂತಿಯಲ್ಲಿ ಸಾಗಿಸುವ ಕ್ರಮವೇ ಐಸ್ಕಜಿ; ಇದರ ಮಾನಕ 2004ರಲ್ಲಿ ಪ್ರಕಟವಾಗಿ 2014ರಲ್ಲಿ ಪರಿಷ್ಕೃತವಾಯಿತು. ಡಿಸ್ಕ್ ಒದಗಿಸುವ ಪೆಟ್ಟಿಗೆಯ ಬದಿಗೆ ಟಾರ್ಗೆಟ್ ಎಂದೂ, ಕೇಳುವ ಗಣಕಯಂತ್ರದ ಬದಿಗೆ ಇನಿಶಿಯೇಟರ್ ಎಂದೂ ಹೆಸರು.

ಜೋಡಣೆಯ ಕೆಲಸ ಪೆಟ್ಟಿಗೆಯಿಂದ ಆರಂಭವಾಗಬೇಕು. ಮೊದಲು ಅದಕ್ಕೆ ಬದಲಾಗದ ಐಪಿ ವಿಳಾಸ ನೀಡಬೇಕು. ಬಳಿಕ ಟಾರ್ಗೆಟ್ ಒಂದನ್ನು ರಚಿಸಿ, ಅದರಡಿ ಬೇಕಾದ ಗಾತ್ರದ ಭಾಗವನ್ನು ಮೀಸಲಿಡಬೇಕು. ಈ ಭಾಗಕ್ಕೆ ಲನ್ ಎನ್ನುತ್ತಾರೆ. ಯಾವ ಗಣಕಯಂತ್ರಕ್ಕೆ ಪ್ರವೇಶವಿದೆ ಎಂಬುದನ್ನು ಅದರ ಇನಿಶಿಯೇಟರ್ ಹೆಸರಿನ ಮೂಲಕ ನಮೂದಿಸಬೇಕು. ಚಾಪ್ ಎಂಬ ಗುಪ್ತಪದ ವ್ಯವಸ್ಥೆಯನ್ನೂ ಇಲ್ಲಿಯೇ ಚಾಲೂ ಮಾಡಬೇಕು. ವಿಂಡೋಸ್‌ಗೆ ಈ ಗುಪ್ತಪದ 12ರಿಂದ 16 ಅಕ್ಷರಗಳಷ್ಟಿರಬೇಕು.

ವಿಂಡೋಸ್ ಗಣಕಯಂತ್ರದಲ್ಲಿ ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಐಸ್ಕಜಿ ಇನಿಶಿಯೇಟರ್ ಅದರಲ್ಲಿಯೇ ಇದೆ. ಅದಕ್ಕೆಂದು ಪ್ರತ್ಯೇಕ ಮೊತ್ತ ತೋರಿಸಿದ ದರಪಟ್ಟಿಯನ್ನು ಪ್ರಶ್ನಿಸಬಹುದು. ಅದನ್ನು ಮೊದಲ ಸಲ ತೆರೆದಾಗ ಸೇವೆಯನ್ನು ಆರಂಭಿಸಲೇ ಎಂದು ಕೇಳುತ್ತದೆ, ಒಪ್ಪಬೇಕು. ಡಿಸ್ಕವರಿ ಪುಟದಲ್ಲಿ ಪೆಟ್ಟಿಗೆಯ ಐಪಿ ವಿಳಾಸ ಕೊಟ್ಟರೆ ಟಾರ್ಗೆಟ್ ಹೆಸರು ಗೋಚರಿಸುತ್ತದೆ. ಅದನ್ನು ಆಯ್ದು ಕನೆಕ್ಟ್ ಒತ್ತಿ, ಅಡ್ವಾನ್ಸ್ಡ್ ಭಾಗದಲ್ಲಿ ಗುಪ್ತಪದ ನೀಡಬೇಕು. ಫೇವರಿಟ್ ಪಟ್ಟಿಗೆ ಸೇರಿಸುವ ಗುರುತನ್ನು ತೆಗೆಯಬಾರದು. ತೆಗೆದರೆ ಯಂತ್ರ ಮರುಚಾಲನೆಯಾದಾಗ ಡಿಸ್ಕ್ ಕಾಣುವುದಿಲ್ಲ.

ಇದಾದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೊಸ ಡಿಸ್ಕನ್ನು ಆನ್‌ಲೈನ್ ಮಾಡಿ, ಜಿಪಿಟಿ ಮಾದರಿಯಲ್ಲಿ ಸಿದ್ಧಪಡಿಸಿ, ಫಾರ್ಮ್ಯಾಟ್ ಮಾಡಬೇಕು. ಹಳೆಯ ಎಂಬಿಆರ್ ಮಾದರಿಯಲ್ಲಿ ಸಾಮಾನ್ಯವಾಗಿ 2 ಟೆರಾಬೈಟ್‌ಗಿಂತ ಆಚೆಗಿನ ಜಾಗ ಬಳಕೆಗೆ ದೊರೆಯದು. ಫಾರ್ಮ್ಯಾಟ್ ಮಾಡುವುದು ಒಂದೇ ಸಲ, ಅದೂ ಖಾಲಿ ಡಿಸ್ಕ್‌ಗೆ ಮಾತ್ರ. ಮುಂದೆ ಎಂದಾದರೂ, ದಾಖಲೆಗಳಿರುವ ಅದೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ಯಂತ್ರ ಕೇಳಿದರೆ ಆಪರೇಟರ್ ಅಲ್ಲಿಯೇ ಕೈ ಬಿಟ್ಟು, ತಿಳಿದವರನ್ನು ಕರೆಯಬೇಕು.

ಅತ್ಯಂತ ದೊಡ್ಡ ಅಪಾಯ ಇರುವುದು ಬೇರೆಡೆ. ಪೆಟ್ಟಿಗೆ ಜಾಲದ ಮೇಲಿದೆ, ಹಾಗಾದರೆ ಕಾರ್ಯದರ್ಶಿಯವರ ಯಂತ್ರವನ್ನೂ ಬಾಪೂಜಿ ಸೇವಾ ಕೇಂದ್ರದ ಯಂತ್ರವನ್ನೂ ಅದೇ ಲನ್‌ಗೆ ಜೋಡಿಸಬಹುದಲ್ಲವೇ ಎಂಬ ಯೋಚನೆ ಸಹಜ. ಹಾಗೆ ಎಂದಿಗೂ ಮಾಡಬಾರದು. ಒಂದೇ ನಡವಳಿ ಪುಸ್ತಕವನ್ನು ಇಬ್ಬರು ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತು, ತಮ್ಮ ತಮ್ಮ ಅನುಕ್ರಮಣಿಕೆಯನ್ನಷ್ಟೇ ನೋಡಿ ಬರೆಯುತ್ತಿದ್ದಾರೆಂದು ಭಾವಿಸಿ. 40ನೆಯ ಪುಟ ಖಾಲಿಯೆಂದು ಇಬ್ಬರಿಗೂ ತೋರುತ್ತದೆ. ಒಬ್ಬರ ನಿರ್ಣಯದ ಮೇಲೆ ಇನ್ನೊಬ್ಬರ ನಿರ್ಣಯ ಬೀಳುತ್ತದೆ. ಡಿಸ್ಕ್‌ನಲ್ಲಿಯೂ ಆಗುವುದು ಇದೇ. ಇಂತಹ ಹಂಚಿಕೆಗೆಂದೇ ರೂಪಿಸಿದ ವಿಶೇಷ ಕಡತ ವ್ಯವಸ್ಥೆಗಳು ದತ್ತಾಂಶ ಕೇಂದ್ರಗಳಲ್ಲಿವೆ. ಕಚೇರಿಯ ಸಾಮಾನ್ಯ ವಿಂಡೋಸ್‌ನಲ್ಲಿ ಎರಡು ಯಂತ್ರಗಳು ಪರಸ್ಪರ ಎಚ್ಚರಿಸಿಕೊಳ್ಳುವ ಏರ್ಪಾಡು ಇಲ್ಲ. ಮೊದಲ ಕೆಲವು ದಿನ ಎಲ್ಲವೂ ಸರಿಯಿರುವಂತೆ ತೋರಿ, ಅನಂತರ ಕಡತಗಳು ತೆರೆಯದಂತಾಗಬಹುದು.

ನನ್ನ ಅಭಿಪ್ರಾಯದಲ್ಲಿ, ನಾಲ್ಕಾರು ಯಂತ್ರಗಳಿಂದ ಒಂದೇ ದಾಖಲೆಗಳನ್ನು ನೋಡಬೇಕಾದ ಗ್ರಾಮ ಪಂಚಾಯತಿಗೆ ಕಡತ ಹಂಚಿಕೆಯೇ ಸೂಕ್ತ. ಅದೇ ಪೆಟ್ಟಿಗೆಯಲ್ಲಿ ಎರಡೂ ಸೌಲಭ್ಯವಿದ್ದರೆ ಆಯ್ಕೆ ನಮ್ಮದೇ. ಸ್ಕ್ಯಾನಿಂಗ್ ಮಾಡುವ ಒಂದೇ ಯಂತ್ರದ ಜಾಗ ಸಾಲದಿದ್ದಾಗ, ಅಥವಾ ಅದರಲ್ಲಿನ ತಂತ್ರಾಂಶವು ಹಂಚಿಕೆಯ ಫೋಲ್ಡರನ್ನು ಒಪ್ಪದೆ ಸ್ಥಳೀಯ ಡಿಸ್ಕನ್ನೇ ಬಯಸಿದಾಗ ಮಾತ್ರ ಐಸ್ಕಜಿ ಬಳಸುವುದು ಸಮಂಜಸ.

ವೇಗದ ಮಾತು ಚಿಕ್ಕದು: 1 ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಾಗುತ್ತದೆ, 100 ಮೆಗಾಬಿಟ್‌ನ ಹಳೆಯ ಸ್ವಿಚ್ ಇದ್ದರೆ 12ರ ಆಸುಪಾಸಿಗೆ ಇಳಿಯುತ್ತದೆ. ವೈಫೈ ಮೂಲಕ ಜೋಡಿಸುವುದು ಬೇಡ. ಬರೆಯುವಾಗ ಸಂಪರ್ಕ ಕಡಿದರೆ, ಓಡುತ್ತಿರುವ ಯಂತ್ರದಿಂದ ಡಿಸ್ಕನ್ನೇ ಕಿತ್ತಂತೆ. ವಿದ್ಯುತ್ ಕಡಿತದ ನಮ್ಮ ಊರುಗಳಲ್ಲಿ ಪೆಟ್ಟಿಗೆ, ಸ್ವಿಚ್, ಗಣಕಯಂತ್ರ ಮೂರಕ್ಕೂ ಯುಪಿಎಸ್ ಬೇಕು. ಆರಿಸುವಾಗ ಮೊದಲು ಗಣಕಯಂತ್ರ, ಆಮೇಲೆ ಪೆಟ್ಟಿಗೆ. ಹಚ್ಚುವಾಗ ಇದರ ವಿರುದ್ಧ ಕ್ರಮ.

ಚಾಪ್ ಗುಪ್ತಪದವು ಪ್ರವೇಶವನ್ನಷ್ಟೇ ಪರೀಕ್ಷಿಸುತ್ತದೆ. ತಂತಿಯಲ್ಲಿ ಹರಿಯುವ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವುದಿಲ್ಲ. ಐಸ್ಕಜಿಯ 3260 ಸಂಖ್ಯೆಯ ಪೋರ್ಟನ್ನು ರೌಟರಿನಲ್ಲಿ ಅಂತರ್ಜಾಲಕ್ಕೆ ತೆರೆಯಬಾರದು. ಪೆಟ್ಟಿಗೆಯಲ್ಲಿ ಎರಡು ಡಿಸ್ಕ್‌ಗಳಿದ್ದು ಒಂದು ಕೆಟ್ಟರೂ ಇನ್ನೊಂದು ನಡೆಸುತ್ತದೆ ಎಂಬುದು ನಿಜ. ಆದರೆ ತಪ್ಪಿ ಅಳಿಸಿದ್ದು ಎರಡರಲ್ಲಿಯೂ ಅಳಿಯುತ್ತದೆ, ವೈರಸ್ ಎರಡನ್ನೂ ಕೆಡಿಸುತ್ತದೆ. ಆದ್ದರಿಂದ ಪ್ರತ್ಯೇಕ ಡಿಸ್ಕ್‌ನಲ್ಲಿ ಪ್ರತಿ ತೆಗೆದು ಬೇರೆ ಕೊಠಡಿಯ ಬೀರುವಿನಲ್ಲಿ ಇಡುವ ವೆಚ್ಚವನ್ನೂ ಅದೇ ಅಂದಾಜಿನಲ್ಲಿ ಸೇರಿಸಬೇಕು.

ವಿಂಡೋಸ್‌ನ ಇನಿಶಿಯೇಟರ್ ಹೆಸರಿನ ಕೊನೆಯಲ್ಲಿ ಆ ಗಣಕಯಂತ್ರದ ಹೆಸರು ಇರುತ್ತದೆ. ಯಂತ್ರ ಬದಲಾಗಿ ಹೆಸರೂ ಬದಲಾದರೆ ಪೆಟ್ಟಿಗೆ ಬಾಗಿಲು ತೆರೆಯದು, ಹೊಸ ಹೆಸರನ್ನು ನಮೂದಿಸಬೇಕಾಗುತ್ತದೆ. ಅದಕ್ಕೆ ಪೆಟ್ಟಿಗೆಯ ನಿರ್ವಾಹಕ ಗುಪ್ತಪದ ಬೇಕು. ಅಭಿವೃದ್ಧಿ ಅಧಿಕಾರಿ ವರ್ಗಾವಣೆಯಾದಾಗ ಅದು ಅವರ ನೆನಪಿನೊಡನೆ ಹೋಗದಂತೆ, ಐಪಿ ವಿಳಾಸ, ಟಾರ್ಗೆಟ್ ಹೆಸರು ಮತ್ತು ಲನ್ ಗಾತ್ರವನ್ನು ದಾಸ್ತಾನು ವಹಿಯಲ್ಲಿ ಬರೆದು, ಗುಪ್ತಪದಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿರಿಸಿ, ಆ ಲಕೋಟೆಯನ್ನು ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಒಂದು ಬಾಬ್ತಾಗಿ ಕಾಣಿಸತಕ್ಕದ್ದು.