ಇನ್ಸುಲಿನ್ ಖರ್ಚನ್ನು ವಿಮೆ ಯಾಕೆ ಕೊಡುವುದಿಲ್ಲ?

ಪ್ರಶ್ನೆ: ನನ್ನ ತಂದೆಗೆ 58 ವರ್ಷ. ಹನ್ನೆರಡು ವರ್ಷದಿಂದ ಶುಗರ್ ಇದೆ. ಮಾತ್ರೆಯಲ್ಲಿ ಹತೋಟಿಗೆ ಬರುತ್ತಿಲ್ಲವೆಂದು ಡಾಕ್ಟರು ಈಗ ಇನ್ಸುಲಿನ್ ಪೆನ್ ಬರೆದುಕೊಟ್ಟಿದ್ದಾರೆ. ಬೆಳಿಗ್ಗೆ 24 ಯೂನಿಟ್, ರಾತ್ರಿ 16. ಸೂಜಿ, ಸ್ಟ್ರಿಪ್ ಎಲ್ಲ ಸೇರಿ ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಹೋಗುತ್ತಿದೆ. ನಾಲ್ಕು ವರ್ಷದಿಂದ ಆರೋಗ್ಯ ವಿಮೆಗೆ ಪ್ರೀಮಿಯಂ ಕಟ್ಟುತ್ತಿದ್ದೇವೆ. ಇನ್ಸುಲಿನ್ ಬಿಲ್ಲು ಕಳಿಸಿದರೆ ‘ಇದಕ್ಕೆ ಬರುವುದಿಲ್ಲ’ ಎಂದು ವಾಪಸ್ ಮಾಡಿದರು. ಖರ್ಚು ನೋಡಿ ಅಪ್ಪ ಆಗಾಗ ರಾತ್ರಿಯ ಡೋಸ್ ಬಿಡುತ್ತಿದ್ದಾರೆ. ವಾರಕ್ಕೊಂದು ಇಂಜೆಕ್ಷನ್ ಬಂದಿದೆ, ಅದನ್ನೇ ಹಾಕಿಸಿ ಎಂದು ನೆಂಟರು ಹೇಳುತ್ತಾರೆ. ನಾವು ಏನು ಮಾಡಬೇಕು?
— ಓದುಗರೊಬ್ಬರು, ತಿಪಟೂರು

ಉತ್ತರ: ಎಲ್ಲಕ್ಕಿಂತ ಮೊದಲು ರಾತ್ರಿಯ ಡೋಸ್ ವಿಚಾರ. ಅದನ್ನು ಇಂದಿನಿಂದಲೇ ತಪ್ಪಿಸದೆ ಹಾಕಿಕೊಳ್ಳಲು ಹೇಳಿ. ಬಿಟ್ಟ 16 ಯೂನಿಟ್ಟಿನಿಂದ ಉಳಿಯುವುದು ಕೆಲವು ರೂಪಾಯಿ. ಏರಿದ ಸಕ್ಕರೆ ಮಾತ್ರ ಕಣ್ಣು, ಮೂತ್ರಪಿಂಡ, ಪಾದಗಳ ನರಗಳನ್ನು ಸದ್ದಿಲ್ಲದೆ ಹಾಳು ಮಾಡುತ್ತಾ ಹೋಗುತ್ತದೆ. ಖರ್ಚು ತಗ್ಗಿಸಲು ದಾರಿಗಳಿವೆ, ಡೋಸ್ ತಗ್ಗಿಸುವುದು ಅವುಗಳಲ್ಲಿ ಸೇರಿಲ್ಲ. ಡೋಸ್ ತಪ್ಪುತ್ತಿದೆ ಎಂಬುದನ್ನು ಡಾಕ್ಟರಿಗೂ ತಿಳಿಸಿ. ಅದು ಗೊತ್ತಿಲ್ಲದಿದ್ದರೆ ಅವರು ‘16 ಸಾಲುತ್ತಿಲ್ಲ’ ಎಂದುಕೊಂಡು ಯೂನಿಟ್ ಏರಿಸಬಹುದು. ಆಮೇಲೆ ಅಪ್ಪ ಸರಿಯಾಗಿ ಹಾಕಿಕೊಂಡ ರಾತ್ರಿ ಸಕ್ಕರೆ ಕುಸಿದುಬಿಡುತ್ತದೆ.

ಇನ್ನು ವಿಮೆ. ಕಂಪನಿ ಹೇಳಿದ್ದು ನಿಯಮದ ಪ್ರಕಾರ ಸರಿಯೇ ಇರಬಹುದು. ನಮ್ಮಲ್ಲಿ ಮಾರುವ ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯ ಹಾಸಿಗೆಗೆ ಕಟ್ಟಿಹಾಕಿದ ವಿಮೆ. ಕನಿಷ್ಠ 24 ಗಂಟೆ ಅಡ್ಮಿಟ್ ಆಗಿರಬೇಕು, ಇಲ್ಲವೇ ಡೇ-ಕೇರ್ ಪಟ್ಟಿಯಲ್ಲಿರುವ ಚಿಕಿತ್ಸೆ ಆಗಿರಬೇಕು. ಮೆಡಿಕಲ್ ಶಾಪಿನಿಂದ ತಂದು ಮನೆಯಲ್ಲಿ ಹಾಕಿಕೊಳ್ಳುವ ಔಷಧಿ, ಅದು ಇನ್ಸುಲಿನ್ ಆದರೂ ಸರಿ, ಬಿಪಿ ಮಾತ್ರೆ ಆದರೂ ಸರಿ, ಈ ಚೌಕಟ್ಟಿನ ಹೊರಗೆ ಉಳಿಯುತ್ತದೆ.

ಹಾಗೆಂದು ಪಾಲಿಸಿಯನ್ನು ಬಿಡಬೇಡಿ. ಅದರಿಂದ ಸಿಗುವುದನ್ನು ಪೂರ್ತಿ ಪಡೆಯಿರಿ. ಅಡ್ಮಿಟ್ ಆದಾಗ ಒಳಗೆ ಕೊಟ್ಟ ಇನ್ಸುಲಿನ್ ಬಿಲ್ಲಿನಲ್ಲಿ ಸೇರುತ್ತದೆ. ಇದರ ಜೊತೆಗೆ ಬಹಳ ಜನ ಗಮನಿಸದ ಒಂದು ಸಾಲು ಪಾಲಿಸಿಯಲ್ಲಿರುತ್ತದೆ: ಆಸ್ಪತ್ರೆಗೆ ಸೇರುವ ಮುಂಚಿನ ಮತ್ತು ನಂತರದ ಖರ್ಚು. ಆರೋಗ್ಯ ಸಂಜೀವಿನಿ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಇದು ಸೇರುವ ಮುಂಚೆ 30 ದಿನ, ಬಿಡುಗಡೆಯಾದ ಮೇಲೆ 60 ದಿನ. ಕೆಲವು ಪಾಲಿಸಿಗಳಲ್ಲಿ ಇನ್ನೂ ಹೆಚ್ಚು. ಸಕ್ಕರೆ ವಿಪರೀತ ಏರಿಯೋ ಪಾದದ ಹುಣ್ಣು ಕೀವಾಗಿಯೋ ಅಡ್ಮಿಟ್ ಆಗಬೇಕಾಗಿ ಬಂದರೆ, ಅದೇ ಕಾಯಿಲೆಗಾಗಿ ಡಿಸ್ಚಾರ್ಜ್ ಸಮರಿಯಲ್ಲಿ ಬರೆದ ಇನ್ಸುಲಿನ್ನಿನ ಬಿಲ್ಲುಗಳನ್ನು ಆ ಅವಧಿಗೆ ಕೇಳಬಹುದು. ಚೀಟಿ, ಬ್ಯಾಚ್ ನಂಬರ್ ಇರುವ ಬಿಲ್ಲು, ಟೆಸ್ಟ್ ರಿಪೋರ್ಟ್ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿರಿ.

ಪಾಲಿಸಿ ಮಾಡಿಸುವಾಗ ಅಪ್ಪನ ಶುಗರ್ ವಿಷಯ ಬರೆದಿದ್ದೀರಾ? ಬರೆದಿದ್ದರೆ ನೆಮ್ಮದಿಯಿಂದಿರಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ 48 ತಿಂಗಳಿನಿಂದ ಗರಿಷ್ಠ 36 ತಿಂಗಳಿಗೆ ಇಳಿಸಿತು. ಹಳೆಯ ಷರತ್ತಿನಂತೆ ನೋಡಿದರೂ ನಾಲ್ಕು ವರ್ಷ ತುಂಬಿದ ನಿಮ್ಮ ಪಾಲಿಸಿ ಆ ಗಡಿ ದಾಟಿರಬೇಕು. ಬರೆದಿಲ್ಲದಿದ್ದರೆ ಈಗಲೇ ಲಿಖಿತವಾಗಿ ತಿಳಿಸುವುದು ಲೇಸು. ಸತತ 60 ತಿಂಗಳು ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ವಿಷಯ ಮುಚ್ಚಿಟ್ಟಿದ್ದರೆಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಆದರೆ ಅದನ್ನೇ ನಂಬಿಕೊಂಡು ಸುಮ್ಮನಿರಬೇಡಿ. ಒಂದು ದೊಡ್ಡ ಆಪರೇಷನ್ ಹೊತ್ತಿನಲ್ಲಿ ‘ವಂಚನೆ ಹೌದೋ ಅಲ್ಲವೋ’ ಎಂಬ ವಾದ ಯಾವ ಮನೆಗೂ ಬೇಡ. ನ್ಯಾಯವಾದ ಕ್ಲೇಮನ್ನೇ ತಳ್ಳಿಹಾಕಿದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹೊರರೋಗಿ ಖರ್ಚನ್ನೂ ಕೊಡುವ ಓಪಿಡಿ ಸೌಲಭ್ಯ, ಮಧುಮೇಹಿಗಳಿಗೆಂದೇ ಮಾಡಿದ ಪಾಲಿಸಿ ಕೂಡ ಮಾರುಕಟ್ಟೆಯಲ್ಲಿವೆ. ಅಲ್ಲಿ ಎರಡೇ ಅಂಕಿ ಕೇಳಿ: ಇದಕ್ಕಾಗಿ ವರ್ಷಕ್ಕೆ ಹೆಚ್ಚುವರಿ ಪ್ರೀಮಿಯಂ ಎಷ್ಟು, ಔಷಧಿಗೆ ವರ್ಷಕ್ಕೆ ಸಿಗುವ ಗರಿಷ್ಠ ಮೊತ್ತ ಎಷ್ಟು? ಐದು ಸಾವಿರ ಹೆಚ್ಚು ಕಟ್ಟಿ ಆರು ಸಾವಿರದ ಮಿತಿ ಪಡೆಯುವುದಾದರೆ ಆ ವ್ಯವಹಾರದಿಂದ ನಿಮಗೆ ಹೆಚ್ಚೇನೂ ಉಳಿಯುವುದಿಲ್ಲ. ಡಾಕ್ಟರ ಫೀಸು ಮತ್ತು ಟೆಸ್ಟಿಗೆ ಮಾತ್ರವೇ, ಔಷಧಿಗೂ ಉಂಟೇ ಎಂಬುದನ್ನು ಏಜೆಂಟರ ಬಾಯಿಮಾತಿನಲ್ಲಲ್ಲ, ಪಾಲಿಸಿ ಪತ್ರದಲ್ಲಿ ಓದಿ ನೋಡಿ.

ನಿಮ್ಮ ಮನೆಯ ಹಣ ನಿಜವಾಗಿ ಉಳಿಯುವುದು ವಿಮೆಯಿಂದಲ್ಲ, ಇನ್ಸುಲಿನ್ನಿನ ಆಯ್ಕೆಯಿಂದ. ಬೆಲೆಯನ್ನು ಪೆನ್ನಿನ ಲೆಕ್ಕದಲ್ಲಿ ನೋಡಬೇಡಿ, ಯೂನಿಟ್ ಲೆಕ್ಕದಲ್ಲಿ ನೋಡಿ. ದಿನಕ್ಕೆ 40 ಯೂನಿಟ್ ಅಂದರೆ ತಿಂಗಳಿಗೆ 1,200. ಒಂದು ಕಾರ್ಟ್ರಿಡ್ಜ್ ಅಥವಾ ಪೆನ್ನಿನಲ್ಲಿ 3 ಎಂಎಲ್, ಅಂದರೆ 300 ಯೂನಿಟ್ ಇರುತ್ತದೆ. ನಾಲ್ಕು ಸಾಕು ಅನಿಸುತ್ತದೆ. ಆದರೆ ಪ್ರತಿ ಸಲ ಚುಚ್ಚುವ ಮುಂಚೆ ಗಾಳಿ ಹೋಗಲೆಂದು 2 ಯೂನಿಟ್ ಹೊರಗೆ ಬಿಡಬೇಕು. ದಿನಕ್ಕೆ 4, ತಿಂಗಳಿಗೆ 120. ಹಾಗಾಗಿ ತಿಂಗಳ ಕೊನೆಗೆ ಐದನೆಯದನ್ನು ಒಡೆಯಬೇಕಾಗುತ್ತದೆ. ನಿಮ್ಮ ಬಿಲ್ಲು ಅಂದಾಜಿಗಿಂತ ಯಾವಾಗಲೂ ಹೆಚ್ಚು ಬರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಡೆ 10 ಎಂಎಲ್ ಬಾಟಲಿ ಇದೆ. ಅದರಲ್ಲಿ 400 ಯೂನಿಟ್. ಮೂರು ಬಾಟಲಿಗೆ ನಿಮ್ಮ ತಿಂಗಳು ಮುಗಿಯುತ್ತದೆ. 30:70 ಮಿಶ್ರಣದ ಹ್ಯೂಮನ್ ಇನ್ಸುಲಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವುದರಿಂದ ಅದರ ಗರಿಷ್ಠ ಬೆಲೆಯನ್ನು ಎನ್‌ಪಿಪಿಎ ಎಂಬ ಕೇಂದ್ರದ ಪ್ರಾಧಿಕಾರ ಕಟ್ಟುತ್ತದೆ. ಒಂದು ಬಾಟಲಿ ಸುಮಾರು ನೂರೈವತ್ತರಿಂದ ಇನ್ನೂರು ರೂಪಾಯಿ. ಸಿರಿಂಜ್ ಸೇರಿ ತಿಂಗಳಿಗೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಅನಲಾಗ್ ಎನ್ನುವ ಹೊಸ ಪೀಳಿಗೆಯ ಇನ್ಸುಲಿನ್‌ಗಳಲ್ಲಿ ಗ್ಲಾರ್ಜಿನ್ 2022ರಲ್ಲಿ ಅದೇ ಪಟ್ಟಿಗೆ ಸೇರಿತು. ಪಟ್ಟಿಯ ಹೊರಗಿರುವ ಬ್ರ್ಯಾಂಡ್‌ಗಳ ಬೆಲೆಯನ್ನು ಕಂಪನಿಗಳೇ ನಿರ್ಧರಿಸುತ್ತವೆ. ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬುದಷ್ಟೇ ಕಟ್ಟಳೆ.

ಅಗ್ಗದ್ದು ಅಂದರೆ ಕಳಪೆಯೇ? ಅಲ್ಲ. ಟೈಪ್ 2 ಮಧುಮೇಹದವರಿಗೆ ಇನ್ಸುಲಿನ್ ಬೇಕಾದಾಗ ಹ್ಯೂಮನ್ ಇನ್ಸುಲಿನ್ನಿನಿಂದಲೇ ಆರಂಭಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯಲ್ಲಿ ಹ್ಯೂಮನ್, ಅನಲಾಗ್ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅನಲಾಗ್‌ನ ನಿಜವಾದ ಅನುಕೂಲ ಬೇರೆ: ರಾತ್ರಿ ಸಕ್ಕರೆ ಕುಸಿಯುವುದು ಕಡಿಮೆ, ಊಟದ ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಬಹುದು. ನಿಮ್ಮ ತಂದೆಗೆ ಲೋ ಶುಗರ್ ಆಗಿ ಬೆವರುವುದು, ಎಚ್ಚರ ತಪ್ಪುವುದು ನಡೆದಿದ್ದರೆ ಡಾಕ್ಟರು ಅದಕ್ಕಾಗಿಯೇ ಅನಲಾಗ್ ಪೆನ್ ಬರೆದಿರಬಹುದು. ಇಲ್ಲದಿದ್ದರೆ ಹೀಗೆ ಕೇಳಿ: “ಡಾಕ್ಟ್ರೇ, ತಿಂಗಳಿಗೆ ಇಷ್ಟು ನಮಗೆ ಕಷ್ಟ ಆಗ್ತಿದೆ, ಬಾಟಲಿ ಇನ್ಸುಲಿನ್ ನಡೆಯುತ್ತಾ?” ಈ ಮಾತಿಗೆ ಸಂಕೋಚಪಡಬೇಡಿ. ಕೈಗೆಟುಕದ ಔಷಧಿ ಬರೆದುಕೊಟ್ಟಿದ್ದೇನೆಂಬುದು ಡಾಕ್ಟರಿಗೆ ತಿಳಿಯಲೇಬೇಕಾದ ಸಂಗತಿ.

ಅವರನ್ನು ಕೇಳದೆ ನೀವೇ ಬದಲಾಯಿಸಬೇಡಿ. ಡೋಸ್ ಬದಲಾಗಬಹುದು. ಹ್ಯೂಮನ್ ಇನ್ಸುಲಿನ್ನನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಹಾಕಿಕೊಳ್ಳಬೇಕು. ಇನ್ನೊಂದು ಅಪಾಯ ಸಿರಿಂಜ್‌ನದ್ದು. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ 40 ಐಯು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜ್. ಪೆನ್, ಕಾರ್ಟ್ರಿಡ್ಜ್‌ಗಳು 100 ಐಯು. ಆ ಸಾಂದ್ರತೆಯ ಸಿರಿಂಜ್‌ಗೆ ಕಿತ್ತಳೆ ಬಣ್ಣದ ಕ್ಯಾಪ್. ನಿಮ್ಮ ಅಪ್ಪನ ರಾತ್ರಿಯ ಡೋಸನ್ನೇ ತೆಗೆದುಕೊಳ್ಳಿ. 40 ಐಯು ಬಾಟಲಿಯಿಂದ ಕಿತ್ತಳೆ ಕ್ಯಾಪಿನ ಸಿರಿಂಜ್‌ನಲ್ಲಿ 16ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಆರೂವರೆ ಯೂನಿಟ್ಟೂ ಇಲ್ಲ. ಕಾರ್ಟ್ರಿಡ್ಜಿನಿಂದ ಕೆಂಪು ಕ್ಯಾಪಿನ ಸಿರಿಂಜ್‌ಗೆ 16ರ ಗೆರೆಯವರೆಗೆ ಎಳೆದರೆ 40 ಯೂನಿಟ್ ಹೋಗುತ್ತದೆ, ದಿನವಿಡೀ ಹೋಗಬೇಕಾದದ್ದು ಒಂದೇ ರಾತ್ರಿಗೆ. ಪ್ರಾಣಕ್ಕೇ ಕುತ್ತು. ಮೆಡಿಕಲ್ ಶಾಪಿನ ಕೌಂಟರಿನಲ್ಲೇ ಬಾಟಲಿಯ ಮೇಲಿನ ಐಯು, ಸಿರಿಂಜ್ ಮೇಲಿನ ಐಯು ಎರಡನ್ನೂ ಓದಿ, ಹೊಂದಿಸಿ ನೋಡಿಯೇ ದುಡ್ಡು ಕೊಡಿ.

ಬಾಟಲಿ ಇನ್ಸುಲಿನ್ ಇಷ್ಟು ಅಗ್ಗವಾದದ್ದು ಬೆಲೆ ನಿಯಂತ್ರಣದಿಂದ ಮಾತ್ರವಲ್ಲ. 2003ರಲ್ಲಿ ವೊಕಾರ್ಡ್, 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ದೇಶದಲ್ಲೇ ತಯಾರಿಸಿದ ಹ್ಯೂಮನ್ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದವು. ವಿದೇಶಿ ಬ್ರ್ಯಾಂಡ್‌ಗಳಿಗೆ ಪೈಪೋಟಿ ಹುಟ್ಟಿತು. ಇದೇ ಬಯೋಕಾನ್ ತಯಾರಿಸಿದ ಗ್ಲಾರ್ಜಿನ್‌ಗೆ 2021ರಲ್ಲಿ ಅಮೆರಿಕದ ಎಫ್‌ಡಿಎ, ಮೂಲ ಬ್ರ್ಯಾಂಡಿನ ಬದಲಿಗೆ ನೇರವಾಗಿ ಕೊಡಬಹುದಾದ ಇನ್ಸುಲಿನ್ ಎಂಬ ಒಪ್ಪಿಗೆ ಕೊಟ್ಟಿತು. ಅಂಥ ಮೊದಲ ಇನ್ಸುಲಿನ್ ಅದು. ಹೀಗಾಗಿ ಕಡಿಮೆ ಬೆಲೆಯ ದೇಶಿ ಇನ್ಸುಲಿನ್ ಬಗ್ಗೆ ಅನುಮಾನ ಇಟ್ಟುಕೊಳ್ಳಬೇಕಿಲ್ಲ.

ಖರ್ಚೇ ಇಲ್ಲದ ದಾರಿಯೂ ಒಂದಿದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಇರುತ್ತದೆ. ಬಿಪಿ, ಶುಗರ್‌ನಂಥ ಕಾಯಿಲೆಗಳಿಗಾಗಿಯೇ ಇರುವ ವಿಭಾಗ ಅದು. ಅಪ್ಪನ ಆಧಾರ್, ಹಳೆಯ ಚೀಟಿ ಹಿಡಿದು ಹೋಗಿ ಹೆಸರು ನೋಂದಾಯಿಸಿ, ಇನ್ಸುಲಿನ್ ಉಚಿತವಾಗಿ ಸಿಗುತ್ತದೆಯೇ ಎಂದು ಕೇಳಿ. ಒಮ್ಮೊಮ್ಮೆ ಸ್ಟಾಕ್ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಒಂದು ಬಾಟಲಿ ಹೆಚ್ಚುವರಿ ಇರಲಿ. ನಿಮಗೆ ಕೆಲಸದ ಕಡೆ ಇಎಸ್‌ಐ ಇದ್ದರೆ, ನಿಮ್ಮನ್ನೇ ಅವಲಂಬಿಸಿದ ತಂದೆತಾಯಿಯ ಹೆಸರನ್ನೂ ಅದರಲ್ಲಿ ಸೇರಿಸಬಹುದು. ಇಎಸ್‌ಐ ಪ್ರತಿದಿನದ ಔಷಧಿಯನ್ನೂ ಕೊಡುತ್ತದೆ, ಖಾಸಗಿ ವಿಮೆಗಿಂತ ಅದು ಮೇಲಾಗುವುದು ಇಲ್ಲೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಆಸ್ಪತ್ರೆಯ ಚಿಕಿತ್ಸೆಗೆ ಇರುವಂಥದ್ದು. ಅದನ್ನು ತೋರಿಸಿ ಮೆಡಿಕಲ್ ಶಾಪಿನಲ್ಲಿ ಇನ್ಸುಲಿನ್ ಕೇಳಲಾಗದು.

ಇನ್ನು ನೆಂಟರು ಹೇಳಿದ ವಾರದ ಇಂಜೆಕ್ಷನ್. ಅದು ಇನ್ಸುಲಿನ್ ಅಲ್ಲ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಔಷಧಿಗಳು ಹಸಿವು ತಗ್ಗಿಸುತ್ತವೆ, ನಮ್ಮದೇ ಮೇದೋಜೀರಕ ಗ್ರಂಥಿ ಊಟದ ಹೊತ್ತಿಗೆ ಹೆಚ್ಚು ಇನ್ಸುಲಿನ್ ಸುರಿಸುವಂತೆ ಮಾಡುತ್ತವೆ. ಆ ಗ್ರಂಥಿಯಲ್ಲಿ ಶಕ್ತಿ ಉಳಿದಿದ್ದರೆ ಮಾತ್ರ ಕೆಲಸ ನಡೆಯುತ್ತದೆ. ಮೈತೂಕ ಹೆಚ್ಚಿರುವವರಿಗೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯೂ ಇರುವವರಿಗೆ ಒಳ್ಳೆಯ ಔಷಧಿಗಳೇ. ಆದರೆ ಇನ್ಸುಲಿನ್ ನಿಲ್ಲಿಸಿ ಇದನ್ನು ಹಿಡಿಯುವ ತೀರ್ಮಾನ ಮನೆಯಲ್ಲಿ ಆಗಬಾರದು. ಬೆಲೆಯೂ ನೋಡಿ: ಟಿರ್ಜೆಪಟೈಡ್‌ನ ಬ್ರ್ಯಾಂಡ್ ಮೌಂಜಾರೊ 2025ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂದಾಗ ಆರಂಭದ ಡೋಸಿನ ಒಂದು ಬಾಟಲಿಗೆ 3,500 ರೂಪಾಯಿ, ವಾರಕ್ಕೊಂದರಂತೆ ತಿಂಗಳಿಗೆ 14,000. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ನಲ್ಲಿ ಮುಗಿದು ದೇಶಿ ಕಂಪನಿಗಳಿಗೆ ದಾರಿ ತೆರೆದಿದೆ. ಡಾಕ್ಟರು ಅದು ಹೊಂದುತ್ತದೆ ಎಂದರೆ ಜೆನೆರಿಕ್ ಯಾವುದಿದೆ, ಬೆಲೆ ಎಷ್ಟು ಎಂದು ಕೇಳಿ. ಇದು ಸಹ ಮನೆಯಲ್ಲಿ ಹಾಕಿಕೊಳ್ಳುವ ಔಷಧಿಯೇ ಆದ್ದರಿಂದ ಸಾಮಾನ್ಯ ಪಾಲಿಸಿಯಲ್ಲಿ ಹಣ ಬರುವುದಿಲ್ಲ. ತೂಕ ಇಳಿಸಲೆಂದೇ ಬರೆದಿದ್ದರಂತೂ ಬೊಜ್ಜಿನ ಚಿಕಿತ್ಸೆಗೆ ಪಾಲಿಸಿಗಳಲ್ಲಿ ಪ್ರತ್ಯೇಕ ನಿರ್ಬಂಧವೇ ಇದೆ.

ನಿಮ್ಮ ಪ್ರಶ್ನೆಯ ಹಿಂದಿರುವ ನೋವು ನ್ಯಾಯವಾದದ್ದು. ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಇವರಲ್ಲಿ ಯಾರದ್ದಾದರೂ ಕಾಲು ಕೊಳೆತು ಕತ್ತರಿಸುವ ದಿನ ಬಂದರೆ ವಿಮೆ ಲಕ್ಷಗಟ್ಟಲೆ ಕೊಡುತ್ತದೆ. ಆ ದಿನ ಬಾರದಂತೆ ಕಾಯುವ ಇನ್ಸುಲಿನ್‌ಗೆ ಕೊಡುವುದಿಲ್ಲ. ಅಮೆರಿಕದಲ್ಲಿ ಇನ್ಸುಲಿನ್ ಬೆಲೆ ವಿಪರೀತ ಏರಿದಾಗ ಅಲ್ಲಿನ ಸರ್ಕಾರ ಹಿರಿಯರ ಮೆಡಿಕೇರ್ ವಿಮೆಯಲ್ಲಿ ರೋಗಿ ಕೊಡಬೇಕಾದ ಪಾಲನ್ನು 2023ರಿಂದ ಒಂದೊಂದು ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರಿಗೆ ಮಿತಿಗೊಳಿಸಿತು. ನಾವು ಔಷಧಿಯ ಬೆಲೆಗೆ ಕಡಿವಾಣ ಹಾಕಿದೆವು, ವಿಮೆಯನ್ನು ಆಸ್ಪತ್ರೆಯ ಬಾಗಿಲಲ್ಲೇ ನಿಲ್ಲಿಸಿದೆವು. ಪ್ರತಿದಿನದ ಔಷಧಿಯೂ ಮೂಲ ಪಾಲಿಸಿಯೊಳಗೆ ಬರಬೇಕೆಂದು ಕೇಳುವ ಹಕ್ಕು ಪ್ರೀಮಿಯಂ ಕಟ್ಟುವ ಎಲ್ಲರಿಗೂ ಇದೆ, ಕೇಳುತ್ತಲೇ ಇರಬೇಕು.

ನಿಯಮ ಬದಲಾಗುವವರೆಗೆ ನಿಮ್ಮ ಅಪ್ಪ ಕಾಯುವಂತಿಲ್ಲ. ಈ ವಾರವೇ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ, ತಿಂಗಳ ಬಿಲ್ಲನ್ನೂ ಜೊತೆಗೆ ಒಯ್ಯಿರಿ. ಬಾಟಲಿಗೆ ಬದಲಾಯಿಸಬಹುದೇ ಎಂದು ಕೇಳಿ, ತಾಲ್ಲೂಕು ಆಸ್ಪತ್ರೆಯಲ್ಲಿ ನೋಂದಾಯಿಸಿ, ಪಾಲಿಸಿಯನ್ನು ತಪ್ಪದೆ ನವೀಕರಿಸುತ್ತಾ ಬನ್ನಿ. ನಾಲ್ಕು ಸಾವಿರ ಒಂದೂವರೆ ಸಾವಿರಕ್ಕೆ ಇಳಿದರೆ ರಾತ್ರಿಯ ಡೋಸ್ ಬಿಡುವ ಯೋಚನೆ ಅವರಿಗೆ ಬರಲಾರದು.