ಗೂಗಲ್‌ನಲ್ಲಿ ನಿಮ್ಮ ಹೋಟೆಲ್ ಫಸ್ಟ್ ಬರುತ್ತದೆಯೇ? ಯಾರ ಮೊಬೈಲ್‌ನಲ್ಲಿ?



ನಮ್ಮವರು ನಾಲ್ಕು ಜನ ಸೇರಿದಲ್ಲಿ ಈಗ ಗ್ಯಾಸ್ ದರ, ಕೆಲಸದವರ ಅಭಾವದ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ. "ಉಡುಪಿ ಹೋಟೆಲ್ ಅಂತ ಹೊಡೆದರೆ ಗೂಗಲ್‌ನಲ್ಲಿ ನಮ್ಮದೇ ಫಸ್ಟ್ ಮಾರಾಯ್ರೆ" ಎಂದು ಎರ್ನಾಕುಳಂ ಸೌತ್ ಸ್ಟೇಷನ್ ಹತ್ತಿರದವರು ಹೇಳುತ್ತಾರೆ. ಇಡಪ್ಪಳ್ಳಿಯವರು "ಅಲ್ಲ, ನಮ್ಮದು" ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಮ್ಮ ತಮ್ಮ ಗಲ್ಲಾದಲ್ಲಿ ಕುಳಿತು ತಮ್ಮ ತಮ್ಮ ಮೊಬೈಲ್‌ನಲ್ಲಿ ನೋಡಿದ್ದಾರೆ, ಅಷ್ಟೇ. ಈ ವಿಷಯ ತಿಳಿಯದೆ ಎಸ್.ಇ.ಒ. ಕೆಲಸಕ್ಕೆಂದು, ಅಂದರೆ ಗೂಗಲ್ ಪಟ್ಟಿಯಲ್ಲಿ ಹೋಟೆಲ್‌ನ ಹೆಸರನ್ನು ಮೇಲೆ ತರುವ ಕೆಲಸಕ್ಕೆಂದು, ಹಲವರು ತಿಂಗಳು ತಿಂಗಳು ಹಣ ಕೊಡುತ್ತಿರುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ತರಗತಿ. ಕಂಪ್ಯೂಟರ್ ಪಂಡಿತರು ಬರೆದಂತೆ ಇದು ಇರಲಾರದು.

ನಮ್ಮ ಹಳೇ ಸಪ್ಲೈಯರ್‌ಗಳನ್ನು ನೋಡಿ. ಖಾಯಂ ಗಿರಾಕಿ ಬಂದು ಕುಳಿತರೆ ಕೇಳುವ ಮೊದಲೇ ಸಕ್ಕರೆ ಇಲ್ಲದ ಸ್ಟ್ರಾಂಗ್ ಕಾಫಿ ತಂದಿಡುತ್ತಾರೆ. ಹೊಸಬರಿಗಾದರೆ ಏನೇನಿದೆ ಎಂದು ಮೊದಲಿಂದ ಹೇಳುತ್ತಾರೆ. ಗೂಗಲ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. 2005ರಲ್ಲಿ ಲಾಗಿನ್ ಆದವರಿಗೆ ಅವರವರ ಹಿಂದಿನ ಹುಡುಕಾಟ ನೋಡಿ ಪಟ್ಟಿ ಬದಲಿಸಿ ತೋರಿಸಲು ಶುರು ಮಾಡಿತು. 2009ರ ಡಿಸೆಂಬರ್‌ನಲ್ಲಿ ಲಾಗಿನ್ ಆಗದವರಿಗೂ, ಆ ಬ್ರೌಸರ್‌ನಲ್ಲಿ 180 ದಿನಗಳಲ್ಲಿ ನಡೆದ ಹುಡುಕಾಟವನ್ನು ನೋಡಿ, ಹಾಗೆಯೇ ಮಾಡಿತು. ಎಲ್ಲರಿಗೂ ಒಂದೇ ಪಟ್ಟಿ ಎನ್ನುವ ಕಾಲ ಅಲ್ಲಿಗೆ ಮುಗಿಯಿತು.

ಆದರೆ ಒಂದು ಮಾತು. ನಮ್ಮ ಹಳೆಯ ಹುಡುಕಾಟದಿಂದ ಆಗುವ ವ್ಯತ್ಯಾಸ ಬಹಳ ಕಡಿಮೆ, ಹುಡುಕುವವರು ಇರುವ ಜಾಗ ಮತ್ತು ಬಳಸುವ ಭಾಷೆಯಿಂದ ಆಗುವುದೇ ಹೆಚ್ಚು ಎಂದು ಗೂಗಲ್‌ನವರು 2018ರಲ್ಲಿ ಹೇಳಿದ್ದಾರೆ. ಊಟದ ವ್ಯಾಪಾರದವರು ಹಿಡಿದುಕೊಳ್ಳಬೇಕಾದ್ದು ಇದನ್ನೇ. ಹೋಟೆಲ್, ಅಂಗಡಿಗಳ ಪಟ್ಟಿಗೆ ಅವರು ಮೂರು ಲೆಕ್ಕ ಹೇಳುತ್ತಾರೆ: ಕೇಳಿದ್ದಕ್ಕೆ ನಿಮ್ಮ ಹೋಟೆಲ್ ಎಷ್ಟು ಹೊಂದುತ್ತದೆ, ಕೇಳಿದವರಿಂದ ಎಷ್ಟು ದೂರ ಇದೆ, ಎಷ್ಟು ಹೆಸರುವಾಸಿ. ಹಣ ಕೊಟ್ಟರೆ ಈ ಪಟ್ಟಿಯಲ್ಲಿ ಮೇಲೆ ಹಾಕುವ ಪದ್ಧತಿ ಇಲ್ಲವೆಂದೂ ಅವರೇ ಬರೆದಿದ್ದಾರೆ. ಜಾಹೀರಾತು ಬೇರೆ, ಅದರ ಮೇಲೆ ಸ್ಪಾನ್ಸರ್ಡ್ ಎಂದು ಇರುತ್ತದೆ.

ದೂರದ ಲೆಕ್ಕ ನಮ್ಮ ಊರುಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಎರ್ನಾಕುಳಂ ಶಿವ ದೇವಸ್ಥಾನದ ಎದುರು ನಿಂತು "ವೆಜಿಟೇರಿಯನ್ ಹೋಟೆಲ್" ಎಂದು ಹುಡುಕಿದವರಿಗೆ ದರ್ಬಾರ್ ಹಾಲ್ ಮೈದಾನದ ಸುತ್ತಲಿನವು ಬರುತ್ತವೆ. ಕಾಕ್ಕನಾಡ್ ಇನ್ಫೋಪಾರ್ಕ್‌ನ ಹುಡುಗರು ಅದೇ ಶಬ್ದ ಹೊಡೆದರೆ ಆ ಕಡೆಯವು. ನೆಡುಂಬಶ್ಶೇರಿ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಮತ್ತೊಂದು. ತಿರುವನಂತಪುರದಲ್ಲಿ ನನ್ನ ಭಾವನವರ ಹೋಟೆಲ್ ತಂಬಾನೂರಿನಲ್ಲಿದೆ. ರೈಲಿಳಿದು ಹುಡುಕಿದವರಿಗೆ ಅವರದು ಮೇಲೆಯೇ ಸಿಗುತ್ತದೆ. ಕಳಕೂಟಂನ ಟೆಕ್ನೋಪಾರ್ಕ್‌ನಲ್ಲಿ ಕುಳಿತು ಹುಡುಕಿದರೆ ಎಷ್ಟು ಕೆಳಗೆ ಹೋದರೂ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಅಲ್ಲಿಂದ ತಂಬಾನೂರಿಗೆ ಯಾರು ಬರುತ್ತಾರೆ?

ಕಳೆದ ವರ್ಷ ಒಂದು ಕಂಪೆನಿಯ ಹುಡುಗ ನಮ್ಮಲ್ಲಿಗೆ ಬಂದಿದ್ದ. ಹೆಸರು ಬೇಡ. ತಿಂಗಳಿಗೆ 12,000 ಕೊಟ್ಟರೆ ಮೂರು ತಿಂಗಳಲ್ಲಿ ಫಸ್ಟ್ ರ‍್ಯಾಂಕ್ ಗ್ಯಾರಂಟಿ ಎಂದ. ಅವನೇ ಕೆಲಸ ಮಾಡಿಕೊಟ್ಟ ಇನ್ನೊಂದು ಹೋಟೆಲ್ ಫಸ್ಟ್ ಬಂದಿರುವ ಫೋಟೋವನ್ನೂ ಮೊಬೈಲ್‌ನಲ್ಲಿ ತೋರಿಸಿದ. "ಇದನ್ನು ಎಲ್ಲಿ ನಿಂತು ತೆಗೆದದ್ದು ತಮ್ಮಾ?" ಎಂದು ಕೇಳಿದೆ. ಆ ಹೋಟೆಲ್‌ನ ಒಳಗೇ! ಕಾಕ್ಕನಾಡ್‌ನಲ್ಲಿರುವ ನಮ್ಮ ಖಾಯಂ ಗಿರಾಕಿಯೊಬ್ಬರಿಗೆ ಫೋನ್ ಮಾಡಿ ಅದೇ ಶಬ್ದ ಹೊಡೆಯಲು ಹೇಳಿದೆ. ಅವರ ಪಟ್ಟಿಯಲ್ಲಿ ಆ ಹೋಟೆಲ್ ಇರಲೇ ಇಲ್ಲ. ಹುಡುಗ ಕಾಫಿ ಕುಡಿದು ಹೋದ.

ಕೆಲವರು "ಇನ್‌ಕಾಗ್ನಿಟೋದಲ್ಲಿ ನೋಡಿದರೆ ಸತ್ಯ ತಿಳಿಯುತ್ತದೆ" ಎನ್ನುತ್ತಾರೆ. ಅರ್ಧ ಸರಿ. ಅದರಲ್ಲಿ ನಿಮ್ಮ ಹಳೆಯ ಹುಡುಕಾಟ ಮರೆಯಾಗುತ್ತದೆ, ನೀವಿರುವ ಜಾಗ ಮರೆಯಾಗುವುದಿಲ್ಲ. ಹಾಗಾಗಿ ಗಲ್ಲಾದಲ್ಲಿ ಕುಳಿತು ಹೇಗೆ ನೋಡಿದರೂ ಅದು ಮನೆಯವರೇ ಕೊಟ್ಟ ಸರ್ಟಿಫಿಕೇಟು. ಬೇರೆ ಬೇರೆ ಕಡೆ ಇರುವ ನಾಲ್ಕು ಪರಿಚಯದವರಿಂದ, ಒಂದೇ ದಿನ, ಒಂದೇ ಶಬ್ದ ಹೊಡೆಸಿ ನೋಡಬೇಕು.

ಅದಕ್ಕಿಂತಲೂ ಒಳ್ಳೆಯದು ಗೂಗಲ್ ಬಿಸಿನೆಸ್ ಪ್ರೊಫೈಲ್. 2021ರವರೆಗೆ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಉಚಿತ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಕಡೆ ಒತ್ತಿದರೆ ಎಷ್ಟು ಜನ ಅಲ್ಲಿಂದ ಫೋನ್ ಮಾಡಿದರು, ಎಷ್ಟು ಜನ ದಾರಿ ಕೇಳಿದರು, ಯಾವ ಶಬ್ದ ಹೊಡೆದು ನಿಮ್ಮನ್ನು ಕಂಡರು ಎಲ್ಲಾ ಬರುತ್ತದೆ. ಇದು ನಿಮ್ಮ ಒಂದು ಮೊಬೈಲ್‌ನ ಲೆಕ್ಕವಲ್ಲ, ಹುಡುಕಿದ ಎಲ್ಲರದ್ದೂ. ಎಸ್.ಇ.ಒ. ಕೆಲಸ ಮಾಡಿಸುವವರು ತಿಂಗಳ ಕೊನೆಗೆ ಈ ಲೆಕ್ಕ ಕೇಳಿ ಪಡೆಯಬೇಕು, ಫೋಟೋ ಅಲ್ಲ. ಪ್ರೊಫೈಲ್‌ನ ಯಜಮಾನಿಕೆ ನಿಮ್ಮ ಇ-ಮೇಲ್‌ನಲ್ಲೇ ಇರಲಿ. ಏಜೆನ್ಸಿಯ ಹೆಸರಿನಲ್ಲಿದ್ದರೆ ಬಿಡಿಸಿಕೊಳ್ಳುವುದು ಕಷ್ಟ.

ಹಾಗಾದರೆ ಎಸ್.ಇ.ಒ. ಕೆಲಸವೇ ದಂಡವೋ? ಅಲ್ಲ. ದೂರವನ್ನು ಯಾರೂ ಬದಲಿಸಲಾರರು, ಉಳಿದ ಎರಡು ಲೆಕ್ಕ ನಮ್ಮ ಕೈಯಲ್ಲಿದೆ. ನಮ್ಮವರಿಗೆ ದೊಡ್ಡ ತೊಡಕು "ಹೋಟೆಲ್" ಎಂಬ ಶಬ್ದದ್ದೇ. ನಮಗೆ ಹೋಟೆಲ್ ಎಂದರೆ ಊಟ ತಿಂಡಿ. ಗೂಗಲ್‌ಗೆ ಹೋಟೆಲ್ ಎಂದರೆ ರೂಮು. ಪ್ರೊಫೈಲ್‌ನಲ್ಲಿ ವರ್ಗ ಹೋಟೆಲ್ ಎಂದು ಕೊಟ್ಟರೆ ಗಿರಾಕಿಗೆ ಕಾಣುವುದು ಚೆಕ್-ಇನ್ ಸಮಯ, ರೂಮಿನ ಬಾಡಿಗೆ. ಬೋರ್ಡಿನ ಹೆಸರು ಏನೇ ಇರಲಿ, ವರ್ಗ ವೆಜಿಟೇರಿಯನ್ ರೆಸ್ಟೋರೆಂಟ್ ಎಂದಿರಬೇಕು. ಬೋರ್ಡಿನಲ್ಲಿ ಇಲ್ಲದ "ಬೆಸ್ಟ್ ಪ್ಯೂರ್ ವೆಜ್ ಕೊಚ್ಚಿ" ಎಂಬ ಬಾಲವನ್ನು ಹೆಸರಿಗೆ ಅಂಟಿಸುವುದು ಮಾತ್ರ ಬೇಡ. ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ಒಳ್ಳೆಯ ರಿವ್ಯೂ ಬರೆದವರಿಗೆ ಕಾಫಿ ಫ್ರೀ ಎನ್ನುವುದೂ ಅವರ ನಿಯಮದಲ್ಲಿ ನಿಷಿದ್ಧ. ಕೇಳಿ ಬರೆಸಿಕೊಳ್ಳಬಹುದು, ಕೊಟ್ಟು ಬರೆಸಬಾರದು.

ಇನ್ನು ಭಾಷೆ. ಊರಿನ ಹೆಸರು ಸರಕಾರಿ ಕಾಗದದಲ್ಲಿ ಎಂದೋ ಬದಲಾಗಿದೆ, ಆದರೂ ಕೊಚ್ಚಿನ್, ಟ್ರಿವೇಂಡ್ರಂ ಎಂದೇ ಹುಡುಕುವವರಿದ್ದಾರೆ. ಪೇಟೆಯವರು ಎರ್ನಾಕುಳಂ ಎನ್ನುತ್ತಾರೆ. ನಿಮ್ಮ ಜಾಲತಾಣವಿದ್ದರೆ ವಿಳಾಸ, ದಾರಿ ವಿವರಿಸುವಾಗ ಎರಡೂ ಹೆಸರು ಸಹಜವಾಗಿ ಬರಲಿ.

ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ ಕರ್ನಾಟಕದ ಅಯ್ಯಪ್ಪ ಭಕ್ತರು ಬಸ್ಸು, ಟೆಂಪೋಗಳಲ್ಲಿ ನಮ್ಮ ಊರುಗಳನ್ನು ಹಾದು ಹೋಗುತ್ತಾರೆ. ಅನೇಕರ ಮೊಬೈಲ್ ಕನ್ನಡದಲ್ಲೇ ಇರುತ್ತದೆ, ಹುಡುಕುವುದೂ ಕನ್ನಡದಲ್ಲಿ. ನಮ್ಮಲ್ಲಿ ಉಂಡು ಹೋದ ಊರಿನವರಿಗೆ "ಕನ್ನಡದಲ್ಲೇ ಎರಡು ಸಾಲು ಬರೆಯಿರಿ" ಎಂದು ನಾನು ಹೇಳುತ್ತೇನೆ. ಸಂಕೋಚ ಏಕೆ? ಮುಂದೆ ಬರುವ ತಂಡ ಅದನ್ನೇ ಓದುವುದು.

ಆ ಸೀಸನ್ನಿನಲ್ಲಿ ನಾವು ಬೆಳಗ್ಗೆ 4.30ಕ್ಕೇ ಇಡ್ಲಿ ಇಳಿಸುತ್ತೇವೆ. ಪ್ರೊಫೈಲ್‌ನಲ್ಲಿ ಸಮಯ 6.30 ಎಂದೇ ಉಳಿದಿದ್ದರೆ, "ಈಗ ತೆರೆದಿರುವುದು" ಎಂದು ಒತ್ತಿ ಹುಡುಕುವ ಟೆಂಪೋ ಡ್ರೈವರ್‌ಗೆ ನಮ್ಮ ಹೋಟೆಲ್ ಕಾಣುವುದೇ ಇಲ್ಲ, ಬಾಗಿಲೆದುರೇ ಹಾದುಹೋಗುತ್ತಾನೆ. ಸ್ಪೆಷಲ್ ಅವರ್ಸ್ ಎಂಬ ಜಾಗದಲ್ಲಿ ದಿನಾಂಕವಾರು ಸಮಯ ಹಾಕಬಹುದು. ಹರತಾಳದ ದಿನಕ್ಕೂ ಅದೇ ಜಾಗ. ಐದು ನಿಮಿಷದ ಕೆಲಸ, ಮಗನಿಗೋ ಮ್ಯಾನೇಜರಿಗೋ ಹೇಳಿದರೆ ಆಯಿತು. ವೃಶ್ಚಿಕ ಒಂದಕ್ಕೆ ವಾರ ಮೊದಲೇ ಮುಗಿಸಿಡಿ.