ಎಂಜಿನ್ ಬದಲಾದ ಮೇಲೆ: ವಾಹನದ ಒಡೆಯನ ಹೊಣೆಯೂ ಹಕ್ಕೂ

ಜೋಯಿಡಾದಿಂದ ಅಣಶಿ ಘಟ್ಟವನ್ನಿಳಿಯುವ ದಾರಿಯಲ್ಲಾಗಲಿ, ಹಳಿಯಾಳ-ಮುಂಡಗೋಡಗಳ ಹಳ್ಳಿಗಾಡಿನ ರಸ್ತೆಗಳಲ್ಲಾಗಲಿ ವರ್ಷಾನುಗಟ್ಟಲೆ ದುಡಿದ ಜೀಪಿನ ಎಂಜಿನ್ ಒಂದು ದಿನ ಕೈಕೊಟ್ಟಾಗ, ಹೊಸ ವಾಹನವನ್ನು ಕೊಳ್ಳುವ ಶಕ್ತಿಯಿಲ್ಲದವನು ಬೇರೊಂದು ಎಂಜಿನನ್ನು ತಂದು ಕೂರಿಸುವುದು ಸಹಜವೇ. ಹಿಂದೆ ಇಂಥ ಕಾರ್ಯಕ್ಕೆ ಮೆಕ್ಯಾನಿಕನ ಕಿವಿಯೂ ಕೈಚಳಕವೂ ಸಾಕಾಗಿದ್ದುವು. ಇಂದಿನ ಕಾಮನ್ ರೇಲ್ ಡೀಸೆಲ್ ಎಂಜಿನಾದರೋ ಇಸಿಯು ಎಂಬ ಗಣಕಯಂತ್ರದ ಅಪ್ಪಣೆಯಿಲ್ಲದೆ ಒಂದು ಹನಿ ಇಂಧನವನ್ನೂ ಉರಿಸದು. ಆದುದರಿಂದ ಆ ಗಣಕವನ್ನು ಹೊಸ ಎಂಜಿನಿಗೆ ಹೊಂದಿಸುವುದು, ಅಂದರೆ ಟ್ಯೂನಿಂಗ್, ಅನಿವಾರ್ಯವಾಗುತ್ತದೆ. ಆದರೆ ಅದಕ್ಕೂ ಮೊದಲು ಒಂದಕ್ಕೊಂದು ಹೊಂದಬೇಕಾದುದು ವಾಹನ ಮತ್ತು ಅದರ ನೋಂದಣಿ ಪತ್ರವಾದ ಆರ್‌ಸಿ.

1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಪ್ರಕರಣದ ಪ್ರಕಾರ, ತಯಾರಕರು ಮೂಲತಃ ನಿರ್ದೇಶಿಸಿದ ವಿವರಗಳಿಗೆ ಆರ್‌ಸಿಯ ವಿವರಗಳು ಭಿನ್ನವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸತಕ್ಕುದಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮೊದಲಾದವುಗಳಿಗೆ ಪರಿವರ್ತಿಸುವ ಅನುಮೋದಿತ ಕಿಟ್‌ಗಳಿಗೆ ನಿಯಮಬದ್ಧವಾದ ವಿನಾಯಿತಿಯುಂಟು. ಇದೇ ತತ್ತ್ವವನ್ನು ಸುಪ್ರೀಂ ಕೋರ್ಟು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ 2019ರ ಜನವರಿ 9ರಂದು ಎತ್ತಿಹಿಡಿಯಿತು. ನಿಯಮಬಾಹಿರವಾದ ಪ್ರತಿಯೊಂದು ಮಾರ್ಪಾಟಿಗೂ 182ಎ ಪ್ರಕರಣದ ಮೇರೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಸಂಭವಿಸಬಹುದು.

ಆದುದರಿಂದ ಅದೇ ತಯಾರಕರ ಅದೇ ಮಾದರಿಯ ಎಂಜಿನನ್ನೇ ಆರಿಸುವುದು ಕ್ಷೇಮಕರ. ಹಾಗಿದ್ದರೂ ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ನಮೂದಾಗಿರುವುದರಿಂದ, ಹಳೆಯದನ್ನು ಕಳಚುವ ಮುನ್ನವೇ ಆರ್‌ಟಿಒ ಕಚೇರಿಯ ಅನುಮತಿಯನ್ನು ಲಿಖಿತವಾಗಿ ಕೋರತಕ್ಕದ್ದು. ಬದಲಾವಣೆಯಾದ 14 ದಿನಗಳೊಳಗೆ, ತಾನು ವಾಸಿಸುವ ಪ್ರದೇಶದ ನೋಂದಣಾಧಿಕಾರಿಗೆ ವರದಿಯಿತ್ತು, ಶುಲ್ಕ ಸಹಿತ ಆರ್‌ಸಿಯನ್ನು ಒಪ್ಪಿಸಿ ಹೊಸ ಸಂಖ್ಯೆಯನ್ನು ದಾಖಲಿಸಿಕೊಳ್ಳಬೇಕು. ಗುಜರಿಯಿಂದ ತಂದ ಎಂಜಿನಾದರೆ ಮಾರಿದವನ ರಸೀದಿಯನ್ನೂ ಮೂಲ ವಾಹನದ ಆರ್‌ಸಿ ಪ್ರತಿಯನ್ನೂ ಪಡೆಯದೆ ಹಣ ಕೊಡಬಾರದು. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಕೊಂಡವನು ಅಪರಾಧಿಯಾಗುತ್ತಾನೆ. ವಾಹನದ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಸಮ್ಮತಿಯೂ ಕೈಯಲ್ಲಿರಲಿ; ವಿಮಾ ಕಂಪನಿಗೂ ಪತ್ರಮುಖೇನ ತಿಳಿಸದಿದ್ದರೆ ಅಪಘಾತದ ದಿನ ಪರಿಹಾರಕ್ಕೇ ತೊಡಕಾದೀತು.

ಇನ್ನು ಟ್ಯೂನಿಂಗಿನ ವಿಷಯ. ಬದಲಾದ ಇಂಜೆಕ್ಟರ್‌ಗಳ ಸಂಕೇತಗಳನ್ನು ಗಣಕಕ್ಕೆ ಉಣಿಸುವುದು, ಕೀಲಿಯನ್ನು ಅದಕ್ಕೆ ಪರಿಚಯಿಸುವುದು, ಇವು ದುರಸ್ತಿಯ ಅಂಗಗಳೇ ಹೊರತು ದೋಷಗಳಲ್ಲ. ಆದರೆ ಎಳೆತ ಹೆಚ್ಚಲೆಂದು ಇಂಧನವನ್ನು ಮಿತಿಮೀರಿ ಹರಿಸುವುದೂ, ಹೊಗೆಯನ್ನು ಶೋಧಿಸುವ ಸಾಧನವನ್ನು ಗಣಕದಿಂದಲೇ ನಿಷ್ಕ್ರಿಯಗೊಳಿಸುವುದೂ ಬೇರೆ ಮಾತು: ಹೊಗೆಯ ಮಿತಿಯನ್ನು ಉಲ್ಲಂಘಿಸಿದ ವಾಹನಕ್ಕೆ 190ನೆಯ ಪ್ರಕರಣದಂತೆ ಮೊದಲ ತಪ್ಪಿಗೇ 10,000 ರೂಪಾಯಿಯವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ ಉಂಟು. ಆದುದರಿಂದ ಕೆಲಸ ಮುಗಿದೊಡನೆ ಎಮಿಷನ್ ಟೆಸ್ಟ್ ಮಾಡಿಸಿ ಪ್ರಮಾಣಪತ್ರವನ್ನು ಪಡೆಯುವುದು ವಿವೇಕ.

ಹೊಣೆಯಿರುವಂತೆ ಹಕ್ಕೂ ಇದೆ. ಟ್ಯೂನಿಂಗ್ ಕೆಟ್ಟು ಎಂಜಿನ್ ಹಾಳಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದು ಸೇವಾನ್ಯೂನತೆ. ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ, ಉತ್ತರ ಕನ್ನಡದವರಾದರೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಗ್ಯಾರೇಜು ಬೆಂಗಳೂರಿನಲ್ಲಿದ್ದರೂ ದೂರುದಾರನು ತನ್ನ ವಾಸಸ್ಥಳದ ಆಯೋಗವನ್ನೇ ಆಶ್ರಯಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಶುಲ್ಕವೂ ಇಲ್ಲ. ಸಲಹೆಗೆ 1915 ಸಹಾಯವಾಣಿಯಿದೆ. ನೋಂದಣಾಧಿಕಾರಿಯು ಅರ್ಜಿಯನ್ನು ತಿರಸ್ಕರಿಸಿದರೆ, ಆದೇಶ ಕೈಸೇರಿದ 30 ದಿನಗಳೊಳಗೆ ಮೋಟಾರು ವಾಹನಗಳ ಕಾಯ್ದೆಯ 57ನೆಯ ಪ್ರಕರಣದಂತೆ ಮೇಲ್ಮನವಿಗೂ ಅವಕಾಶವುಂಟು.

ಆದುದರಿಂದ ವಾಹನವನ್ನು ನಂಬಿ ಬದುಕುವ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೆ: ಗ್ಯಾರೇಜಿನವನು ಮಾಡಿದ ಪ್ರತಿಯೊಂದು ಕೆಲಸವನ್ನೂ ಕಾಗದದ ಮೇಲೆ ಬರೆಯಿಸಿ ಬಿಲ್ಲು ಪಡೆಯಿರಿ, ಹೊಸ ಸಂಖ್ಯೆ ಆರ್‌ಸಿಯಲ್ಲಿ ಏರುವವರೆಗೆ ಆ ವಾಹನವನ್ನು ಬಾಡಿಗೆಗೆ ಹೊರಡಿಸಬೇಡಿರಿ.